ತುರ್ತು ಸಿದ್ಧತೆಯ ಲೆಕ್ಕದಲ್ಲಿ ಸಾಕುಪ್ರಾಣಿಗಳೂ ಸೇರಲಿ

ಮಾನ್ಯ ಸಂಪಾದಕರೇ,

ವಿಪತ್ತು ಎದುರಾಗುವ ಮೊದಲೇ ಕುಟುಂಬವೊಂದು ಏನೇನು ಸಿದ್ಧಪಡಿಸಿ ಇಟ್ಟುಕೊಂಡಿರಬೇಕು ಎಂಬ ಬಗ್ಗೆ ತಮ್ಮ ಪತ್ರಿಕೆಯಲ್ಲಿ ಈಚೆಗೆ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಕುಡಿಯುವ ನೀರು, ಟಾರ್ಚು, ದಾಖಲೆಪತ್ರಗಳ ನಕಲು, ನಿತ್ಯ ಸೇವಿಸುವ ಔಷಧಿ, ಬ್ಯಾಟರಿಯ ರೇಡಿಯೊ ಎಲ್ಲವನ್ನೂ ಲೇಖಕರು ಒಪ್ಪವಾಗಿ ಹೇಳಿದ್ದಾರೆ. ಆದರೆ ನಾಯಿ, ಬೆಕ್ಕುಗಳಿರುವ ಮನೆಯವರ ಪಾಲಿಗೆ ಅದರಲ್ಲಿ ಸಿಕ್ಕಿದ್ದು ‘ಸಾಕುಪ್ರಾಣಿಗಳ ಕಡೆಗೂ ಗಮನವಿರಲಿ’ ಎಂಬ ಒಂದೇ ಒಂದು ಸಾಲು. ಗಮನ ಇರಬೇಕು, ನಿಜ. ಯಾವಾಗ, ಯಾವುದರ ಮೇಲೆ, ಎಷ್ಟರ ಮಟ್ಟಿಗೆ ಎಂಬುದನ್ನು ಬಿಡಿಸಿ ಹೇಳದಿದ್ದರೆ ಆ ಸಾಲಿನಿಂದ ಪ್ರಯೋಜನವಿಲ್ಲ. ಬಹುಕಾಲದಿಂದ ಪ್ರಾಣಿಗಳನ್ನು ಸಾಕಿಕೊಂಡು ಬಂದ ಓದುಗನಾಗಿ ಆ ಸಾಲನ್ನು ಸ್ವಲ್ಪ ವಿಸ್ತರಿಸಲು ಈ ಪತ್ರ ಬರೆಯುತ್ತಿದ್ದೇನೆ.

ವಿಪತ್ತಿನಲ್ಲಿ ಬದುಕುಳಿಯುವ ಬಗ್ಗೆ ಗಂಭೀರವಾಗಿ ಯೋಚಿಸುವವರಲ್ಲಿ ಸಾಕುಪ್ರಾಣಿಗಳ ವಿಷಯ ಬಂದಾಗ ಎರಡು ಪಂಗಡಗಳು ಕಾಣಿಸುತ್ತವೆ. ಒಂದು ಪಂಗಡದವರಿಗೆ ಪ್ರಾಣಿ ಎಂದರೆ ಇನ್ನೊಂದು ಹೊಟ್ಟೆ, ಇನ್ನೊಂದು ಹೊರೆ. ಮನುಷ್ಯರಿಗೇ ನೀರು ಸಾಲದ ಹೊತ್ತಿನಲ್ಲಿ ಅದಕ್ಕೆ ಪಾಲು ಕೊಡುವುದು ಅವಿವೇಕ. ಇನ್ನೊಂದು ಪಂಗಡದವರು ನಾಯಿಯನ್ನು ಕಾವಲುಗಾರ ಎಂದೋ, ಬೆಕ್ಕನ್ನು ದಾಸ್ತಾನಿಗೆ ಬೀಳುವ ಇಲಿ ಹಿಡಿಯುವ ಆಳು ಎಂದೋ ಲೆಕ್ಕಕ್ಕೆ ಸೇರಿಸುತ್ತಾರೆ. ಇಬ್ಬರೂ ಪ್ರಾಣಿಯಿಂದ ಲಾಭವೋ ನಷ್ಟವೋ ಎಂದು ತೂಗುತ್ತಿದ್ದಾರೆ, ಅಷ್ಟೆ. ಮನೆಯೊಳಗೆ ಬಂದು ವರ್ಷಗಟ್ಟಲೆ ಮನೆಯವರ ಕಾಲಬುಡದಲ್ಲಿ ಮಲಗಿದ ಪ್ರಾಣಿಯನ್ನು ವಿಪತ್ತಿನ ದಿನ ಯಾರೂ ಹೀಗೆ ತೂಗಿ ನೋಡುವುದಿಲ್ಲ; ಬಿಟ್ಟು ಹೋಗಲು ಮನಸ್ಸಾಗದೆ ಮನೆಯಲ್ಲೇ ಉಳಿಯುತ್ತಾರೆ, ಇಲ್ಲವೇ ಬಿಟ್ಟು ಹೋಗಿ ಅರ್ಧದಾರಿಯಿಂದ ಹಿಂತಿರುಗುತ್ತಾರೆ. ಆದ್ದರಿಂದ ಪ್ರಾಣಿ ಬೇಕೇ ಬೇಡವೇ ಎಂಬುದಕ್ಕಿಂತ, ಮನೆಯಲ್ಲಿರುವ ಜನ ಒಂದೇ ಸಲಕ್ಕೆ ಎಷ್ಟು ಪ್ರಾಣಿಗಳನ್ನು ಹೊರಗೆ ಕರೆದೊಯ್ಯಬಲ್ಲರು ಎಂದು ಕೇಳಿಕೊಳ್ಳುವುದು ಮುಖ್ಯ. ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದ್ದು ಪ್ರಾಣಿಯನ್ನು ಮನೆಗೆ ತರುವ ಮೊದಲು, ಸೈರನ್ ಕೂಗಿದ ಮೇಲಲ್ಲ.

ಹೊರೆ ಎಂಬ ವಾದ ಎಲ್ಲಿಗೆ ಕೊಂಡೊಯ್ಯುತ್ತದೆ ಎಂಬುದಕ್ಕೆ ಇತಿಹಾಸದಲ್ಲಿ ಕಹಿಯಾದ ಉದಾಹರಣೆಯಿದೆ. 1939ರ ಬೇಸಿಗೆಯಲ್ಲಿ ಬ್ರಿಟನ್ನಿನ ವಾಯುದಾಳಿ ಮುನ್ನೆಚ್ಚರಿಕೆಯ ಪ್ರಾಣಿ ಸಮಿತಿ ಕರಪತ್ರವೊಂದನ್ನು ಹಂಚಿತು. ಸಾಧ್ಯವಾದರೆ ಪ್ರಾಣಿಗಳನ್ನು ಹಳ್ಳಿಗಳಿಗೆ ಕಳುಹಿಸಿ, ನೆರೆಯವರ ವಶಕ್ಕೆ ಕೊಡಲೂ ಆಗದಿದ್ದರೆ ಅವನ್ನು ಕೊಲ್ಲಿಸುವುದೇ ದಯೆ ಎಂಬ ಅರ್ಥದ ಸಲಹೆ ಅದರಲ್ಲಿತ್ತು. ಸಾರ್ವಜನಿಕ ಆಶ್ರಯತಾಣಗಳೊಳಗೆ ಪ್ರಾಣಿಗಳಿಗೆ ಪ್ರವೇಶವೂ ಇರಲಿಲ್ಲ. ಸೆಪ್ಟೆಂಬರಿನಲ್ಲಿ ಯುದ್ಧ ಘೋಷಣೆಯಾದ ಕೂಡಲೇ ಜನ ಪಶುಚಿಕಿತ್ಸಾಲಯಗಳ ಮುಂದೆ ಸಾಲುಗಟ್ಟಿ ನಿಂತರು. ಕೆಲವೇ ದಿನಗಳಲ್ಲಿ ಲಂಡನ್ನಿನಲ್ಲಿ ಸುಮಾರು 4 ಲಕ್ಷ ನಾಯಿ, ಬೆಕ್ಕುಗಳನ್ನು ಕೊಲ್ಲಲಾಯಿತು ಎಂಬುದು ಇತಿಹಾಸಕಾರರ ಅಂದಾಜು. ದೇಶದಾದ್ಯಂತ ಸತ್ತವು ಏಳೂವರೆ ಲಕ್ಷ ಎಂಬ ಲೆಕ್ಕವೂ ಇದೆ. ಆ ಹೊತ್ತಿಗೆ ನಗರದ ಮೇಲೆ ಒಂದೇ ಒಂದು ಬಾಂಬು ಬಿದ್ದಿರಲಿಲ್ಲ. ಆಹಾರ ಪಡಿತರ ಶುರುವಾದದ್ದು 1940ರ ಜನವರಿಯಲ್ಲಿ. ಲಂಡನ್ನಿನ ಮೇಲೆ ನಿರಂತರ ಬಾಂಬು ದಾಳಿ ಆರಂಭವಾದದ್ದು ಅದೇ ವರ್ಷದ ಸೆಪ್ಟೆಂಬರಿನಲ್ಲಿ. ಅವಸರಪಡದೆ ಕಾದಿದ್ದ ಮನೆಗಳಲ್ಲಿ ಎಷ್ಟೋ ಪ್ರಾಣಿಗಳು ಯುದ್ಧ ಮುಗಿಯುವವರೆಗೂ ಬದುಕಿದ್ದವು. ಕೊಂದವರು ಕ್ರೂರಿಗಳೇನೂ ಆಗಿರಲಿಲ್ಲ. ತಮ್ಮ ಮುಂದೆ ಬೇರೆ ಯಾವ ದಾರಿಯನ್ನೂ ಯಾರೂ ತೋರಿಸಿರಲಿಲ್ಲ ಎಂಬುದೇ ಅವರ ಕಷ್ಟವಾಗಿತ್ತು.

2005ರ ಆಗಸ್ಟ್ 29ರಂದು ಅಮೆರಿಕದ ತೀರಕ್ಕೆ ಅಪ್ಪಳಿಸಿದ ಕತ್ರಿನಾ ಚಂಡಮಾರುತದ ಸಮಯದಲ್ಲಿ ಇದರ ಇನ್ನೊಂದು ಮುಖ ಕಂಡಿತು. ನ್ಯೂ ಆರ್ಲಿಯನ್ಸ್ ನಗರದಿಂದ ಜನರನ್ನು ತೆರವುಗೊಳಿಸಿದ ಬಸ್ಸುಗಳು ಮತ್ತು ಬಹುಪಾಲು ಆಶ್ರಯ ಕೇಂದ್ರಗಳು ಪ್ರಾಣಿಗಳನ್ನು ಸೇರಿಸಿಕೊಳ್ಳಲಿಲ್ಲ. ಬಸ್ಸು ಹತ್ತುವಾಗ ಪುಟ್ಟ ಹುಡುಗನೊಬ್ಬನ ಕೈಯಿಂದ ಅವನ ಬಿಳಿ ನಾಯಿಯನ್ನು ಕಸಿದುಕೊಂಡ ಸುದ್ದಿ ಆ ದೇಶದ ಮನೆಮನೆಯನ್ನೂ ಕಲಕಿತು. ಅದಕ್ಕಿಂತ ಮುಖ್ಯವಾದದ್ದು, ಮುಂಚಿತವಾಗಿ ಎಚ್ಚರಿಕೆ ಸಿಕ್ಕಿಯೂ ಮನೆ ಬಿಡದೆ ಉಳಿದವರಲ್ಲಿ ಶೇ 44ರಷ್ಟು ಮಂದಿ ತಾವು ಉಳಿಯಲು ಸಾಕುಪ್ರಾಣಿಯೂ ಒಂದು ಕಾರಣ ಎಂದು ಆಮೇಲಿನ ಸಮೀಕ್ಷೆಯೊಂದರಲ್ಲಿ ತಿಳಿಸಿದ್ದು. ಅಂದರೆ ಪ್ರಾಣಿಗಳನ್ನು ಹೊರಗಿಟ್ಟು ರೂಪಿಸಿದ ಯೋಜನೆಯಿಂದ ಅಪಾಯಕ್ಕೆ ಸಿಲುಕಿದವರು ಮನುಷ್ಯರೇ. ಮರುವರ್ಷ, 2006ರ ಅಕ್ಟೋಬರಿನಲ್ಲಿ, ಕೇಂದ್ರದ ವಿಪತ್ತು ನೆರವು ಬಯಸುವ ರಾಜ್ಯಗಳು ಮತ್ತು ಸ್ಥಳೀಯ ಆಡಳಿತಗಳು ತಮ್ಮ ತೆರವು ಯೋಜನೆಗಳಲ್ಲಿ ಸಾಕುಪ್ರಾಣಿಗಳನ್ನೂ ಅಂಗವಿಕಲರಿಗೆ ನೆರವಾಗುವ ಪ್ರಾಣಿಗಳನ್ನೂ ಗಣನೆಗೆ ತೆಗೆದುಕೊಳ್ಳಬೇಕೆಂಬ ಕಾನೂನು ಅಲ್ಲಿ ಜಾರಿಗೆ ಬಂತು. ಪ್ರಾಣಿದಯೆಗಿಂತ ಹೆಚ್ಚಾಗಿ ಜನರ ಪ್ರಾಣ ಉಳಿಸುವ ದೃಷ್ಟಿಯಿಂದ ಬಂದ ಕಾನೂನು ಅದು ಎಂದೇ ನಾನು ಭಾವಿಸಿದ್ದೇನೆ.

ಮೂರನೆಯ ಪಾಠ ಇನ್ನೂ ಸೂಕ್ಷ್ಮವಾದದ್ದು. 1986ರ ಏಪ್ರಿಲ್ 27ರಂದು ಸೋವಿಯತ್ ಒಕ್ಕೂಟದಲ್ಲಿ ಸ್ಫೋಟಗೊಂಡ ಚೆರ್ನೊಬಿಲ್ ಪರಮಾಣು ಸ್ಥಾವರದ ಪಕ್ಕದ ಪ್ರಿಪ್ಯಾತ್ ಪಟ್ಟಣವನ್ನು ತೆರವುಗೊಳಿಸುವಾಗ ಅಲ್ಲಿನ ನಿವಾಸಿಗಳು ಸುಮಾರು ಮೂರು ದಿನಗಳಲ್ಲಿ ಮರಳುತ್ತೇವೆ ಎಂದು ನಂಬಿ ಹೊರಟರು. ಪ್ರಾಣಿಗಳು ಮನೆಗಳಲ್ಲೇ ಉಳಿದವು. ಯಾರೂ ಮರಳಿ ವಾಸಕ್ಕೆ ಹೋಗಲಿಲ್ಲ. ನಂತರ ಸೈನಿಕರನ್ನು ಕಳುಹಿಸಿ ಬೀದಿಯಲ್ಲಿ ಉಳಿದಿದ್ದ ನಾಯಿಗಳನ್ನು ಗುಂಡಿಟ್ಟು ಕೊಲ್ಲಿಸಲಾಯಿತು. 2011ರ ಮಾರ್ಚಿನಲ್ಲಿ ಅವಘಡಕ್ಕೀಡಾದ ಜಪಾನಿನ ಫುಕುಶಿಮಾ ಪರಮಾಣು ಸ್ಥಾವರದ ಸುತ್ತಲಿನ 20 ಕಿಲೊಮೀಟರ್ ಪ್ರದೇಶದಿಂದ ಹೊರಟ ಅನೇಕರೂ ಕೆಲವೇ ದಿನಗಳ ಮಾತು ಎಂದುಕೊಂಡು ನಾಯಿಗಳನ್ನು ಕಟ್ಟಿಹಾಕಿ, ಒಂದಷ್ಟು ಆಹಾರವಿಟ್ಟು ಹೋದರು. ಕಾಲು ಶತಮಾನದ ಅಂತರದಲ್ಲಿ, ಬೇರೆ ಬೇರೆ ದೇಶಗಳಲ್ಲಿ ಜನರ ಮನಸ್ಸು ಕೆಲಸ ಮಾಡಿದ್ದು ಮಾತ್ರ ಒಂದೇ ರೀತಿಯಲ್ಲಿ. ನಾಳೆಯೋ ನಾಡಿದ್ದೋ ಬಂದುಬಿಡುತ್ತೇವೆ ಎಂಬ ಅನಿಸಿಕೆಯಷ್ಟು ಪ್ರಾಣಿಗಳಿಗೆ ಮಾರಕವಾದದ್ದು ಇನ್ನೊಂದಿಲ್ಲ. ಹೊರಡುವ ಸೂಚನೆ ಬಂದಾಗ ಎಷ್ಟೇ ಕಡಿಮೆ ಅವಧಿ ಹೇಳಿದರೂ, ಮರಳುವುದು ಯಾವಾಗಲೋ ಗೊತ್ತಿಲ್ಲ ಎಂದು ಭಾವಿಸಿಯೇ ಪ್ರಾಣಿಯನ್ನು ಜೊತೆಗೆ ಒಯ್ಯಬೇಕು. ಜಪಾನಿನ ಪರಿಸರ ಸಚಿವಾಲಯ 2013ರಲ್ಲಿ ಹೊರಡಿಸಿದ ಮಾರ್ಗಸೂಚಿಯ ತಿರುಳೂ ಇದೇ: ತೆರವಿನ ವೇಳೆ ಮಾಲೀಕ ಮತ್ತು ಪ್ರಾಣಿ ಒಟ್ಟಿಗೆ ಹೊರಡಬೇಕು. ಒಟ್ಟಿಗೆ ಹೊರಡುವುದು ಬೇರೆ, ಶಿಬಿರದಲ್ಲಿ ಒಂದೇ ಕೋಣೆಯಲ್ಲಿ ವಾಸಿಸುವುದು ಬೇರೆ ಎಂಬ ವ್ಯತ್ಯಾಸವನ್ನೂ ಅಲ್ಲಿನವರು ಗುರುತಿಸುತ್ತಾರೆ. ಈ ವ್ಯತ್ಯಾಸದ ಬಗ್ಗೆ ಮುಂದೆ ಮತ್ತೆ ಹೇಳುತ್ತೇನೆ.

ಇನ್ನು ಸಂಖ್ಯೆಯ ಮಾತು. ಇಬ್ಬರು ವಯಸ್ಕರು, ಒಂದು ಕೈಗೂಸು ಇರುವ ಮನೆಯನ್ನು ತೆಗೆದುಕೊಳ್ಳೋಣ. ಒಬ್ಬರ ಕೈ ಮಗುವಿಗೆ ಮೀಸಲು. ಇನ್ನೊಬ್ಬರ ಬೆನ್ನಿಗೆ ತುರ್ತು ಚೀಲ. ಉಳಿದ ಕೈಗಳಲ್ಲಿ ಒಂದು ಬೆಕ್ಕಿನ ಬುಟ್ಟಿ ಹಿಡಿಯಬಹುದು, ಇನ್ನೊಂದರಲ್ಲಿ ಪಟ್ಟಿ ಕಟ್ಟಿದ ಒಂದು ನಾಯಿಯನ್ನು ನಡೆಸಬಹುದು. ಲೆಕ್ಕ ಅಲ್ಲಿಗೆ ಮುಗಿಯಿತು. ಈ ಮನೆಯಲ್ಲಿ ನಾಲ್ಕು ಬೆಕ್ಕು, ಎರಡು ನಾಯಿ ಇದ್ದರೆ ಯಾವುದನ್ನು ಬಿಡುವುದು ಎಂಬ ತೀರ್ಮಾನವನ್ನು ಅತ್ಯಂತ ಕೆಟ್ಟ ಗಳಿಗೆಯಲ್ಲಿ ಮಾಡಬೇಕಾಗುತ್ತದೆ. ಮಧ್ಯಾಹ್ನದ ಹೊತ್ತು ಮನೆಯಲ್ಲಿ ಒಬ್ಬರೇ ಇರುವುದಾದರೆ ಆ ಒಬ್ಬರ ಶಕ್ತಿಯೇ ಅಳತೆ. 40 ಕಿಲೊ ತೂಗುವ ನಾಯಿ ಕಾಲಿಗೆ ಗಾಜು ಚುಚ್ಚಿ ನಡೆಯಲಾರದೆ ಕುಳಿತರೆ ಅದನ್ನು ಮೂರು ಮಹಡಿ ಇಳಿಸುವವರು ಯಾರು ಎಂಬುದೂ ಇದರಲ್ಲಿ ಸೇರುತ್ತದೆ. ಬೀದಿಯಲ್ಲಿ ಅನಾಥವಾದ ಮರಿಗಳನ್ನೆಲ್ಲ ಮನೆಗೆ ತರುವ ಸಹೃದಯರಿಗೆ ನನ್ನ ಮಾತು ಕಠಿಣವೆನಿಸಬಹುದು. ಹೆಚ್ಚು ಪ್ರಾಣಿಗಳನ್ನು ಸಾಕಲೇಬೇಕೆನ್ನುವವರು ಅಷ್ಟು ಕೈಗಳನ್ನೂ ಮೊದಲೇ ಹೊಂದಿಸಿಕೊಳ್ಳಲಿ: ನಂಬಿಕಸ್ಥ ನೆರೆಮನೆಯವರ ಬಳಿ ಬೀಗದಕೈ ಇರಲಿ, ಅವರಿಗೂ ಪ್ರಾಣಿಗೂ ಪರಿಚಯವಿರಲಿ, ಬುಟ್ಟಿ ಎಲ್ಲಿದೆ, ಹೊರಟರೆ ಎಲ್ಲಿ ಸೇರಬೇಕು ಎಂಬುದು ಅವರಿಗೆ ಗೊತ್ತಿರಲಿ. ಅವರ ಮನೆಯ ಪ್ರಾಣಿಗೆ ನಾವೂ ಹಾಗೆಯೇ ಆಗಿಬರಬೇಕು ಎಂದು ಬೇರೆ ಹೇಳಬೇಕಿಲ್ಲ.

ಸಿದ್ಧತೆ ಎಂದ ಕೂಡಲೇ ಜನ ಸಾಮಾನು ಕೊಳ್ಳಲು ಹೊರಡುತ್ತಾರೆ. ನನ್ನ ಮಟ್ಟಿಗೆ ಸಾಮಾನಿಗಿಂತ ಮುಖ್ಯವಾದದ್ದು ಅಭ್ಯಾಸ, ಅದರಲ್ಲೂ ಬೆಕ್ಕಿಗೆ ಬುಟ್ಟಿಯ ಅಭ್ಯಾಸ. ಬಹುಪಾಲು ಮನೆಗಳಲ್ಲಿ ಬೆಕ್ಕಿನ ಬುಟ್ಟಿ ಅಟ್ಟದ ಮೇಲೆ ಇರುತ್ತದೆ. ಅದು ಕೆಳಗಿಳಿಯುವುದು ಪಶುವೈದ್ಯರ ಬಳಿ ಚುಚ್ಚುಮದ್ದಿಗೆ ಹೋಗುವ ದಿನ ಮಾತ್ರ. ಹೀಗಾಗಿ ಬುಟ್ಟಿಯ ಬಾಗಿಲು ಕಿರ್ ಎಂದರೆ ಸಾಕು, ಬೆಕ್ಕು ಮಂಚದಡಿಯ ಅತ್ಯಂತ ದೂರದ ಮೂಲೆ ಸೇರುತ್ತದೆ. ಬುಟ್ಟಿ ವರ್ಷವಿಡೀ ಮನೆಯೊಳಗೆ, ಬೆಕ್ಕು ಓಡಾಡುವ ಜಾಗದಲ್ಲಿ ತೆರೆದೇ ಇರಬೇಕು. ಮೊದಲು ಅದರ ಮೇಲಿನ ಅರ್ಧವನ್ನು ಕಳಚಿ, ಬೆಕ್ಕು ಮಲಗಿ ಅದರ ವಾಸನೆ ಹಿಡಿದ ಬಟ್ಟೆಯೊಂದನ್ನು ತಳಕ್ಕೆ ಹಾಸಿ, ಊಟದ ತಟ್ಟೆಯನ್ನು ಅಲ್ಲೇ ಇಡಬೇಕು. ಅದು ನಿಶ್ಚಿಂತೆಯಿಂದ ತಿನ್ನತೊಡಗಿದ ಮೇಲೆ ಮೇಲ್ಭಾಗ ಜೋಡಿಸಬೇಕು. ಇನ್ನಷ್ಟು ದಿನ ಬಿಟ್ಟು ತಿನ್ನುವಾಗ ಬಾಗಿಲನ್ನು ಕ್ಷಣಕಾಲ ಮುಚ್ಚಿ ತೆರೆಯಬೇಕು. ಆಮೇಲೆ ಬುಟ್ಟಿಯನ್ನು ಎತ್ತಿ ನಾಲ್ಕು ಹೆಜ್ಜೆ ನಡೆದು ಕೆಳಗಿಳಿಸಬೇಕು. ಅವಸರ ಮಾಡಿದರೆ ಮತ್ತೆ ಮೊದಲಿನಿಂದ ಶುರುಮಾಡಬೇಕಾಗುತ್ತದೆ. ತೆರವಿನ ಸೂಚನೆ ಬಂದ ಕೂಡಲೇ ಮಾಡಬೇಕಾದ ಮೊದಲ ಕೆಲಸ ಬೆಕ್ಕನ್ನು ಒಂದು ಚಿಕ್ಕ ಕೋಣೆಗೆ ಸೇರಿಸಿ ಬಾಗಿಲು ಹಾಕುವುದು. ಉಳಿದ ಸಾಮಾನು ಕಟ್ಟುವುದೆಲ್ಲ ಅದರ ನಂತರ. ಮನುಷ್ಯರ ಗಾಬರಿಯನ್ನು ಬೆಕ್ಕು ನಮಗಿಂತ ಮೊದಲೇ ಅರಿಯುತ್ತದೆ, ಒಮ್ಮೆ ಅಡಗಿಕೊಂಡರೆ ಅದನ್ನು ಹುಡುಕುವುದರಲ್ಲೇ ಇರುವ ಸಮಯವೆಲ್ಲ ಕಳೆಯುತ್ತದೆ. ಏನೂ ಇಲ್ಲದ ಹೊತ್ತಿನಲ್ಲಿ ದಿಂಬಿನ ಗವಸಿಗೆ ಹಾಕಿ ಬಾಯಿ ಹಿಡಿದುಕೊಂಡು ಹೊರಗೆ ಬರಬಹುದು. ಅದು ನಾಜೂಕಿನ ವಿಧಾನವಲ್ಲ, ಆದರೆ ಕೆಲಸ ಮಾಡುತ್ತದೆ.

ನಾಯಿಯ ವಿಷಯದಲ್ಲಿ ಅಭ್ಯಾಸವೆಂದರೆ ಕರೆದಾಗ ಬರುವುದು, ಅಪರಿಚಿತರ ನಡುವೆ ಸುಮ್ಮನೆ ಕೂರುವುದು, ಬಾಯಿಕುಕ್ಕೆ ಹಾಕಿಸಿಕೊಳ್ಳುವುದು. ನಮ್ಮ ನಾಯಿ ಕಚ್ಚುವುದೇ ಇಲ್ಲ ಎನ್ನುವವರೇ ಹೆಚ್ಚು. ನೋವಿನಲ್ಲಿ, ಭಯದಲ್ಲಿ ಕಚ್ಚದ ನಾಯಿಯಿಲ್ಲ. ಶಿಬಿರದಲ್ಲಿ ಒಬ್ಬರಿಗೆ ಕಚ್ಚಿದರೆ ಅಲ್ಲಿರುವ ಎಲ್ಲ ನಾಯಿಗಳಿಗೂ ಜಾಗ ಹೋಗುತ್ತದೆ. ಕುಕ್ಕೆ ಬಲೆಯಂಥದ್ದಾಗಿದ್ದು, ಒಳಗೆ ಬಾಯಿ ತೆರೆದು ತೇಕಲು, ನೀರು ಕುಡಿಯಲು ಸ್ಥಳವಿರಬೇಕು. ನಾಯಿ ಮೈಯ ಬಿಸಿಯನ್ನು ಹೊರಹಾಕುವುದು ಮುಖ್ಯವಾಗಿ ತೇಕುವುದರಿಂದ, ಬಾಯಿಯನ್ನು ಬಿಗಿದು ಕಟ್ಟಿದರೆ ಸೆಕೆಯಲ್ಲಿ ಪ್ರಾಣಕ್ಕೇ ಕುತ್ತು. ಇದೇ ಕಾರಣಕ್ಕೆ ಕಿಟಕಿ ಮುಚ್ಚಿದ ವಾಹನದಲ್ಲಿ ಪ್ರಾಣಿಯನ್ನು ಬಿಟ್ಟು ಸಾಮಾನು ಸಾಗಿಸಲು ಹೋಗುವುದೂ ಸಲ್ಲ: ಹೊರಗೆ 24 ಡಿಗ್ರಿ ಸೆಲ್ಸಿಯಸ್ ಇದ್ದರೂ ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಅರ್ಧ ಗಂಟೆಯಲ್ಲಿ 40 ಡಿಗ್ರಿ ದಾಟುತ್ತದೆ.

ಗುರುತಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಚರ್ಮದಡಿ ಸೇರಿಸುವ, ಅಕ್ಕಿಕಾಳಿನ ಗಾತ್ರದ ಮೈಕ್ರೋಚಿಪ್ ಪ್ರಾಣಿ ಎಲ್ಲಿದೆ ಎಂದು ತೋರಿಸುವುದಿಲ್ಲ. ಅದರಲ್ಲಿ ಬ್ಯಾಟರಿಯೂ ಇಲ್ಲ, ಮಾಲೀಕರ ಹೆಸರೂ ಇಲ್ಲ. ಸ್ಕ್ಯಾನರ್ ಹತ್ತಿರ ಹಿಡಿದಾಗ ಒಂದು ಸಂಖ್ಯೆಯನ್ನು ಮಾತ್ರ ಅದು ತಿಳಿಸುತ್ತದೆ. ಅಂತರರಾಷ್ಟ್ರೀಯ ಮಾನದಂಡದ ಚಿಪ್‌ಗಳಲ್ಲಿ ಆ ಸಂಖ್ಯೆ 15 ಅಂಕಿಗಳದ್ದು. ಆ ಸಂಖ್ಯೆಯ ಎದುರು ನೋಂದಣಿಯಲ್ಲಿ ಹಳೆಯ ಫೋನ್ ನಂಬರೇ ಉಳಿದಿದ್ದರೆ ಚಿಪ್ ಇದ್ದೂ ಇಲ್ಲದಂತೆ. ಚಿಪ್ ಇರಲಿ, ಅದರ ಜೊತೆಗೆ ಕೊರಳಪಟ್ಟಿಯ ಮೇಲೆ ಯಾರು ಬೇಕಾದರೂ ಓದಬಹುದಾದ ಫೋನ್ ನಂಬರೂ ಇರಲಿ. ನಾವೂ ಪ್ರಾಣಿಯೂ ಒಟ್ಟಿಗಿರುವ ಒಂದು ಫೋಟೋ ಅಚ್ಚುಹಾಕಿಸಿ ದಾಖಲೆಗಳೊಡನೆ ಇಟ್ಟುಕೊಂಡರೆ, ಪ್ರಾಣಿ ಯಾರದ್ದು ಎಂಬ ಜಗಳ ಬಂದಾಗ ಅದೊಂದು ಆಧಾರ. ಲಸಿಕೆಯ ಪುಸ್ತಕದ ನಕಲೂ ಅಲ್ಲೇ ಇರಬೇಕು. ಪ್ರಾಣಿಗಳನ್ನು ಸೇರಿಸಿಕೊಳ್ಳುವ ಶಿಬಿರಗಳು ಮೊದಲು ಕೇಳುವುದೇ ರೇಬೀಸ್ ಲಸಿಕೆ ಆಗಿದೆಯೇ ಎಂದು. 2022ರಲ್ಲಿ ಉಕ್ರೇನಿನಿಂದ ನಾಯಿ, ಬೆಕ್ಕುಗಳೊಡನೆ ಹೊರಟವರಿಗಾಗಿ ಯುರೋಪಿಯನ್ ಒಕ್ಕೂಟದ ದೇಶಗಳು ದಾಖಲೆಗಳ ನಿಯಮವನ್ನು ಸಡಿಲಿಸಿದ್ದು ನಿಜ, ಆದರೆ ಅಂಥ ಉದಾರತೆ ಎಲ್ಲ ಕಡೆ, ಎಲ್ಲ ಸಲ ಸಿಗುತ್ತದೆ ಎಂದು ನೆಚ್ಚಿಕೊಳ್ಳುವಂತಿಲ್ಲ.

ಆಹಾರ, ನೀರಿನ ಲೆಕ್ಕ ಜನ ಹೆದರುವಷ್ಟು ದೊಡ್ಡದಲ್ಲ. ಎರಡು ವಾರಗಳಿಗೆ ಸಾಲುವಷ್ಟು ದಾಸ್ತಾನಿರಲಿ ಎಂಬುದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಸಲಹೆ. 10 ಕಿಲೊ ತೂಗುವ ವಯಸ್ಕ ನಾಯಿಗೆ ದಿನಕ್ಕೆ ಸುಮಾರು 630 ಕಿಲೊಕ್ಯಾಲೊರಿ ಬೇಕು. ಒಣ ಆಹಾರದಲ್ಲಿ ಅದು 170 ಗ್ರಾಂ ಆಸುಪಾಸು, ಎರಡು ವಾರಕ್ಕೆ ಎರಡೂವರೆ ಕಿಲೊ ಸಾಕು. ನಾಲ್ಕು ಕಿಲೊ ತೂಗುವ ಬೆಕ್ಕಿಗೆ ಒಂದು ಕಿಲೊ ದಾಟುವುದಿಲ್ಲ. ನೀರು ಮಾತ್ರ ಧಾರಾಳವಾಗಿ ಬೇಕು: ನಾಯಿಗೆ ಕಿಲೊ ತೂಕಕ್ಕೆ ದಿನಕ್ಕೆ 50ರಿಂದ 60 ಮಿಲಿಲೀಟರ್, ಸೆಕೆಯಲ್ಲಿ ಇನ್ನೂ ಹೆಚ್ಚು, ಅಂದರೆ ಅದೇ ನಾಯಿಗೆ ಎರಡು ವಾರಕ್ಕೆ ಎಂಟು ಲೀಟರಿಗೂ ಮೇಲೆ. ಮನೆಯವರ ನೀರಿನಲ್ಲೇ ಹೇಗೋ ಆಗುತ್ತದೆ ಎನ್ನದೆ ಇದನ್ನು ಬೇರೆಯಾಗಿಯೇ ತುಂಬಿಡಬೇಕು. ಪ್ರಾಣಿಯಲ್ಲವೇ, ಹರಿದು ಬಂದ ನೀರನ್ನೇ ಕುಡಿಯಲಿ ಎಂಬ ಉಡಾಫೆ ಬೇಡ. ಪ್ರವಾಹದ ನೀರಿನಲ್ಲಿ ಇಲಿಗಳ ಮೂತ್ರದಿಂದ ಸೇರುವ ಲೆಪ್ಟೊಸ್ಪೈರಾ ಎಂಬ ರೋಗಾಣು ನಾಯಿಗೂ ತಗಲುತ್ತದೆ, ನಾಯಿಯಿಂದ ಮನೆಯವರಿಗೂ ಹರಡಬಲ್ಲದು. ಅಂಥ ನೀರಿನಲ್ಲಿ ನಡೆದು ಬಂದ ಪ್ರಾಣಿಯ ಕಾಲು, ಹೊಟ್ಟೆಗಳನ್ನು ಅದು ನೆಕ್ಕಿಕೊಳ್ಳುವ ಮೊದಲೇ ಶುದ್ಧ ನೀರಿನಲ್ಲಿ ತೊಳೆದು ಒರೆಸಬೇಕು. ಒಣ ಆಹಾರವನ್ನು ಅದು ಬಂದ ಚೀಲದ ಸಮೇತ ಬಿಗಿ ಮುಚ್ಚಳದ ಡಬ್ಬದಲ್ಲಿಟ್ಟು, ಹಳೆಯದನ್ನು ಮೊದಲು ಬಳಸಿ ಹೊಸದನ್ನು ಹಿಂದೆ ಸೇರಿಸುತ್ತಾ ಹೋದರೆ ಮುಗ್ಗುವುದಿಲ್ಲ, ಅದರ ಕೊಬ್ಬು ಕನರುವುದೂ ಇಲ್ಲ. ದಾಸ್ತಾನಿಗೆಂದು ಹೊಸ ಬಗೆಯ ಆಹಾರ ತಂದು ವಿಪತ್ತಿನ ದಿನವೇ ಬಡಿಸಿದರೆ ಭೇದಿ ಖಚಿತ.

ಬೆಕ್ಕಿನ ಹಸಿವಿನ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಹಸಿದರೆ ತಾನಾಗಿ ತಿನ್ನುತ್ತದೆ ಎಂಬ ಮಾತು ನಾಯಿಗೆ ಬಹುಮಟ್ಟಿಗೆ ಹೊಂದಬಹುದು; ಬೆಕ್ಕಿಗೆ ಅಲ್ಲ. ಹೊಸ ಜಾಗದ ಹೆದರಿಕೆಯಿಂದ ಕೆಲವು ದಿನ ಏನೂ ತಿನ್ನದ ಬೆಕ್ಕಿನ, ಅದರಲ್ಲೂ ದಪ್ಪಗಿರುವ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡು ಪ್ರಾಣಾಪಾಯವಾಗಬಹುದು. ಹಾಗಾಗಿ ಅದಕ್ಕೆ ಅತ್ಯಂತ ಇಷ್ಟವಾದ ತಿನಿಸು ಸ್ವಲ್ಪವಾದರೂ ತುರ್ತು ಚೀಲದಲ್ಲಿರಬೇಕು. ನಾಯಿಯ ಆಹಾರವನ್ನು ಬೆಕ್ಕಿಗೆ ನಾಲ್ಕು ದಿನ ಕೊಟ್ಟರೆ ಏನೂ ಆಗುವುದಿಲ್ಲ. ತಿಂಗಳುಗಟ್ಟಲೆ ಅದನ್ನೇ ಕೊಟ್ಟರೆ ಟಾರಿನ್ ಎಂಬ ಅಂಶದ ಕೊರತೆಯಿಂದ ಬೆಕ್ಕಿನ ಕಣ್ಣು, ಹೃದಯ ಎರಡೂ ಕೆಡಬಹುದು. ಇನ್ನು ಮನುಷ್ಯರ ತುರ್ತು ಆಹಾರದ ಪೊಟ್ಟಣಗಳಲ್ಲಿ ಸಾಮಾನ್ಯವಾಗಿ ಇರುವ ಚಾಕೊಲೇಟು, ಒಣದ್ರಾಕ್ಷಿ, ಈರುಳ್ಳಿ ಸೇರಿದ ತಿನಿಸು, ಕ್ಸೈಲಿಟಾಲ್ ಎಂಬ ಸಿಹಿಕಾರಕ ಹಾಕಿದ ಸಕ್ಕರೆರಹಿತ ಪದಾರ್ಥ ಇವೆಲ್ಲ ನಾಯಿಗೆ ವಿಷ ಎಂಬುದನ್ನು ಮನೆಯ ಮಕ್ಕಳಿಗೂ ಹೇಳಿಕೊಟ್ಟಿರಬೇಕು, ಏಕೆಂದರೆ ಕರುಣೆಯಿಂದ ತಮ್ಮ ಪಾಲನ್ನು ಹಂಚಿಕೊಳ್ಳುವವರು ಅವರೇ.

ಔಷಧಿಯ ವಿಷಯ ಚುಟುಕಾಗಿ ಹೇಳಬಹುದು. ಮೂರ್ಛೆರೋಗಕ್ಕೋ ಸಕ್ಕರೆ ಕಾಯಿಲೆಗೋ ನಿತ್ಯ ಔಷಧಿ ಪಡೆಯುವ ಪ್ರಾಣಿಗೆ ಅದನ್ನು ಹಠಾತ್ತನೆ ನಿಲ್ಲಿಸುವುದು ಅಪಾಯ. ಎರಡು ವಾರದ ಹೆಚ್ಚುವರಿ ಔಷಧಿ, ಪ್ರಮಾಣ ಬರೆದ ಚೀಟಿ ಇರಲೇಬೇಕು. ಮನುಷ್ಯರ ನೋವಿನ ಮಾತ್ರೆಯನ್ನು ಪ್ರಾಣಿಗೆ ಕೊಡಲೇಬಾರದು. ಪ್ಯಾರಾಸಿಟಮಾಲಿನ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ಯಾರಿಗಾದರೂ ಪ್ರಾಣಿ ಕಚ್ಚಿದರೆ, ಪರಾರಿಯಾದ ಪ್ರಾಣಿಯನ್ನು ಹುಡುಕುವುದಕ್ಕಿಂತ ಮೊದಲು ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಕೂಡಲೇ ವೈದ್ಯರನ್ನು ಕಾಣಬೇಕು.

ಎಲ್ಲ ವಿಪತ್ತಿನಲ್ಲೂ ಮನೆ ಬಿಡಬೇಕೆಂದಿಲ್ಲ. ಕೆಲವೊಮ್ಮೆ ದಿನಗಟ್ಟಲೆ ವಿದ್ಯುತ್ ಇಲ್ಲದೆ ಒಳಗೇ ಇರಬೇಕಾಗುತ್ತದೆ. ಆಗ ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸುವುದು, ಜನರೇಟರ್ ಓಡಿಸುವುದು ಮನೆಯವರಿಗೆಲ್ಲ ಮಾರಕ. ಎಲ್ಲರಿಗಿಂತ ಮೊದಲು ಸಾಯುವುದು ಪಂಜರದ ಹಕ್ಕಿ. ಕಾರಣ, ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ. ಅದರ ಪತ್ತೆಗೆ ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ 1986ರವರೆಗೂ ಕೆನರಿ ಹಕ್ಕಿಗಳನ್ನು ಬಳಸುತ್ತಿದ್ದುದು ಅವುಗಳ ಈ ಸೂಕ್ಷ್ಮತೆಯಿಂದಲೇ. ಮೀನಿನ ತೊಟ್ಟಿಯಲ್ಲಿ ಮೀನು ಸಾಯುವುದು ಹಸಿವಿನಿಂದಲ್ಲ, ಗಾಳಿಯಾಡದೆ. ಬ್ಯಾಟರಿಯಿಂದ ನಡೆಯುವ ಪುಟ್ಟ ಗಾಳಿಯಂತ್ರವೊಂದು ಇದ್ದರೆ ಸಾಕು, ಆಹಾರವನ್ನು ಆ ದಿನಗಳಲ್ಲಿ ನಿಲ್ಲಿಸುವುದೇ ಒಳ್ಳೆಯದು. ಮನೆ ಬಿಡಬೇಕಾಗಿ ಬಂದರೆ ಮೀನಿನ ತೊಟ್ಟಿಯನ್ನು ಒಯ್ಯಲಾಗುವುದಿಲ್ಲ ಎಂಬ ಸತ್ಯವನ್ನು ತೊಟ್ಟಿ ಕೊಳ್ಳುವಾಗಲೇ ಒಪ್ಪಿಕೊಂಡಿರಬೇಕು.

ನಾಯಿಯನ್ನು ಕಾವಲಿಗಾಗಿ ಲೆಕ್ಕ ಹಾಕುವವರ ಬಗ್ಗೆ ಒಂದು ಮಾತು. ನಾಯಿ ಬೊಗಳಿ ಎಚ್ಚರಿಸುತ್ತದೆ, ಚಳಿಯ ರಾತ್ರಿಯಲ್ಲಿ ಪಕ್ಕದಲ್ಲಿ ಮಲಗಿದರೆ ಬೆಚ್ಚಗಿರುತ್ತದೆ, ಹೆದರಿದ ಮಗುವಿಗೆ ಅದರ ಮೈ ಸವರುತ್ತಾ ಕೂರುವುದು ದೊಡ್ಡ ಸಮಾಧಾನ, ಇವೆಲ್ಲವನ್ನೂ ಒಪ್ಪುತ್ತೇನೆ. ಆದರೆ ಸೋಫಾದ ಮೇಲೆ ಬೆಳೆದ ನಾಯಿ ಕಾಡಿಗೆ ಹೋದ ಕೂಡಲೇ ಬೇಟೆಯಾಡಿ ತನ್ನ ಹೊಟ್ಟೆ ಹೊರೆದುಕೊಳ್ಳುತ್ತದೆ, ಅಪರಿಚಿತರನ್ನು ಕಂಡರೆ ಮೇಲೆರಗುತ್ತದೆ, ಸುಮ್ಮನಿರು ಎಂದಾಗ ಸುಮ್ಮನಾಗುತ್ತದೆ ಎಂದೆಲ್ಲ ಕಲ್ಪಿಸಿಕೊಳ್ಳುವುದು ಸಿನಿಮಾ ನೋಡಿ ಕಲಿತ ವಿದ್ಯೆ. ತರಬೇತಿಯಿಲ್ಲದ ನಾಯಿ ಸದ್ದಿಗೆ ಬೆದರಿ ಪಟ್ಟಿ ಕಿತ್ತುಕೊಂಡು ಓಡುತ್ತದೆ. ಪಟಾಕಿಯ ಸದ್ದಿಗೆ ನಮ್ಮ ನಾಯಿ ಏನು ಮಾಡುತ್ತದೆ ಎಂಬುದನ್ನು ನೆನೆದರೆ ವಿಪತ್ತಿನಲ್ಲಿ ಅದು ಏನು ಮಾಡೀತು ಎಂಬುದು ಊಹೆಗೆ ಸಿಗುತ್ತದೆ. ಮೊಲ, ಕೋಳಿಗಳನ್ನು ಆಪತ್ಕಾಲದ ಆಹಾರಕ್ಕಾಗಿ ಸಾಕುವ ವಿಚಾರ ಬೇರೆಯದೇ ಆದದ್ದು, ಅದಕ್ಕೆ ಇಲ್ಲಿ ಕೈಹಾಕುವುದಿಲ್ಲ. ಮಕ್ಕಳು ಹೆಸರಿಟ್ಟು ಕರೆಯುವ ಮೊಲವನ್ನು ಮಾತ್ರ ಯಾರೂ ಆ ಪಟ್ಟಿಗೆ ಸೇರಿಸದಿರಲಿ.

ಎಷ್ಟೇ ಸಿದ್ಧತೆಯಿದ್ದರೂ ಪ್ರಾಣಿಯನ್ನು ಬಿಟ್ಟು ಹೊರಡಲೇಬೇಕಾದ ಸಂದರ್ಭ ಬರಬಹುದು. ಮನೆಗೆ ಬೆಂಕಿ ಹೊತ್ತಿಕೊಂಡಾಗ ಪ್ರಾಣಿಗಾಗಿ ಮರಳಿ ಒಳಗೆ ನುಗ್ಗಬಾರದು. ಅಗ್ನಿಶಾಮಕ ಸಿಬ್ಬಂದಿಗೆ ಯಾವ ಕೋಣೆಯಲ್ಲಿ ಯಾವ ಪ್ರಾಣಿಯಿದೆ ಎಂದು ನಿಖರವಾಗಿ ತಿಳಿಸುವುದೇ ನಾವು ಮಾಡಬಹುದಾದ ಸಹಾಯ. ನೀರು ಏರುತ್ತಿದ್ದು, ದೋಣಿಯವರು ಪ್ರಾಣಿಯನ್ನು ಹತ್ತಿಸಿಕೊಳ್ಳಲು ಸಾರಾಸಗಟಾಗಿ ನಿರಾಕರಿಸಿದರೆ, ಕಟ್ಟಿಹಾಕಿಯೋ ಬೋನಿನಲ್ಲಿ ಕೂಡಿಹಾಕಿಯೋ ಹೋಗಬಾರದು. ಕಟ್ಟಿದ ಪ್ರಾಣಿಗೆ ಏರುವ ನೀರಿನಿಂದ ತಪ್ಪಿಸಿಕೊಳ್ಳುವ ಅವಕಾಶವೇ ಇರುವುದಿಲ್ಲ. ಮನೆಯ ಅತ್ಯಂತ ಎತ್ತರದ ಭಾಗಕ್ಕೆ ಹತ್ತಲು ದಾರಿ ಬಿಟ್ಟು, ಉರುಳದಂಥ ಹಲವು ಪಾತ್ರೆಗಳಲ್ಲಿ ನೀರು ತುಂಬಿ, ಒಣ ಆಹಾರ ಇಟ್ಟು, ಒಳಗೆ ಎಷ್ಟು ಪ್ರಾಣಿಗಳಿವೆ, ನಮ್ಮ ಫೋನ್ ನಂಬರೇನು ಎಂದು ಬಾಗಿಲ ಮೇಲೆ ದೊಡ್ಡದಾಗಿ ಬರೆದು ಹೋಗಬೇಕು. ದಡ ಸೇರಿದ ತಕ್ಷಣ ಆ ವಿಳಾಸವನ್ನು ರಕ್ಷಣಾ ತಂಡದವರಿಗೆ ಬರೆದು ಕೊಡಬೇಕು; ಬಾಯಿಮಾತಿನಲ್ಲಿ ಹೇಳಿದ್ದು ಆ ಗದ್ದಲದಲ್ಲಿ ಉಳಿಯುವುದಿಲ್ಲ.

ಈಗ ಶಿಬಿರದ ವಿಷಯ. ಪ್ರಾಣಿಪ್ರಿಯರಾದ ನಾವು ಒಂದು ಅಂಶವನ್ನು ಮರೆಯುತ್ತೇವೆ: ಸೂರು ಕಳೆದುಕೊಂಡು ಬಂದ ನೂರಾರು ಜನರಲ್ಲಿ ನಾಯಿಯೆಂದರೆ ನಡುಗುವವರು, ಬೆಕ್ಕಿನ ಕೂದಲಿನಿಂದ ಉಬ್ಬಸ ಬರುವವರು, ಪ್ರಾಣಿಯ ಪಕ್ಕದಲ್ಲಿ ಉಣ್ಣಲಾರದವರು ಇದ್ದೇ ಇರುತ್ತಾರೆ. ಅವರ ಮೇಲೆ ನಮ್ಮ ಪ್ರೀತಿಯನ್ನು ಹೇರುವ ಹಕ್ಕು ನಮಗಿಲ್ಲ. ಜಪಾನಿನವರು ಗುರುತಿಸಿದ ವ್ಯತ್ಯಾಸ ಉಪಯೋಗಕ್ಕೆ ಬರುವುದು ಇಲ್ಲಿಯೇ. ಶಿಬಿರದ ಆವರಣದಲ್ಲೇ, ಆದರೆ ಜನರು ಮಲಗುವ ಜಾಗದಿಂದ ಬೇರೆಯಾಗಿ, ನೆರಳೂ ಗಾಳಿಯೂ ಇರುವ ಒಂದು ಭಾಗವನ್ನು ಪ್ರಾಣಿಗಳಿಗೆ ಮೀಸಲಿಟ್ಟು, ನಾಯಿಗೂ ಬೆಕ್ಕಿಗೂ ನಡುವೆ ಪರದೆ ಹಾಕಿ, ಆಹಾರ ಹಾಕುವ, ಹೊಲಸು ತೆಗೆಯುವ ಕೆಲಸವನ್ನು ಪೂರ್ತಿಯಾಗಿ ಮಾಲೀಕರಿಗೇ ವಹಿಸಿದರೆ ಎರಡೂ ಕಡೆಯವರಿಗೆ ನ್ಯಾಯ ಸಲ್ಲುತ್ತದೆ. ಹೊಲಸು ತೆಗೆಯುವ ಚೀಲ, ಬೆಕ್ಕಿಗೆ ಮರಳಿನ ತಟ್ಟೆ ನಮ್ಮ ತುರ್ತು ಸಾಮಾನಿನ ಭಾಗವೇ ಆಗಿರಬೇಕು. ಶಿಬಿರದ ಸಿಬ್ಬಂದಿ ನಮ್ಮ ನಾಯಿಯ ಹಿಂದೆ ಬಕೆಟ್ ಹಿಡಿದು ಓಡುವ ಸ್ಥಿತಿ ಬಂದರೆ ಮುಂದಿನ ಸಲ ಬಾಗಿಲು ಮುಚ್ಚುವುದು ಸಹಜ.

ಕಡೆಯದಾಗಿ ತಮ್ಮಲ್ಲಿ ಎರಡು ಕೋರಿಕೆಗಳಿವೆ. ವಿಪತ್ತಿನ ಮುನ್ಸೂಚನೆ ಬಂದಾಗ ಆಶ್ರಯ ಶಿಬಿರಗಳ ಪಟ್ಟಿಯನ್ನು ಪತ್ರಿಕೆಗಳು ಪ್ರಕಟಿಸುತ್ತವೆ. ಯಾವ ಶಿಬಿರದಲ್ಲಿ ಪ್ರಾಣಿಗಳಿಗೆ ಜಾಗವಿದೆ, ಯಾವುದರಲ್ಲಿ ಇಲ್ಲ, ಇದ್ದರೆ ಬುಟ್ಟಿ, ಪಟ್ಟಿ, ಲಸಿಕೆ ಪುಸ್ತಕ ಇವುಗಳಲ್ಲಿ ಏನೇನು ಕಡ್ಡಾಯ ಎಂಬುದನ್ನು ಆಡಳಿತದವರಿಂದ ಕೇಳಿ ಪಡೆದು ಅದೇ ಪಟ್ಟಿಯಲ್ಲಿ ಒಂದು ಅಂಕಣವಾಗಿ ಸೇರಿಸಿದರೆ, ಮನೆಯಲ್ಲೇ ಉಳಿದುಬಿಡೋಣ ಎಂದು ಹಟ ಹಿಡಿಯುವವರಲ್ಲಿ ಕೆಲವರಾದರೂ ಸಕಾಲದಲ್ಲಿ ಹೊರಡುತ್ತಾರೆ. ಆಡಳಿತದ ಬಳಿ ಉತ್ತರವೇ ಇಲ್ಲದಿದ್ದರೆ ಅದನ್ನೂ ಪ್ರಕಟಿಸಿ. ಜನರು ಪ್ರಾಣಿಗಳನ್ನು ಮೊದಲೇ ಬಂಧುಗಳ ಮನೆಗೆ ಸಾಗಿಸಲು ಆಗ ಸಮಯ ಸಿಗುತ್ತದೆ. ಎರಡನೆಯದಾಗಿ, ತುರ್ತು ಸಿದ್ಧತೆಯ ಲೇಖನ ಮತ್ತೊಮ್ಮೆ ಪ್ರಕಟವಾಗುವಾಗ, ಮೇಲೆ ಹೇಳಿದ ಆಹಾರ, ನೀರು, ಔಷಧಿಗಳ ಪ್ರಮಾಣವನ್ನು ಪಶುವೈದ್ಯರೊಬ್ಬರಿಂದ ಪರಿಶೀಲಿಸಿ, ಪ್ರಾಣಿಯ ತೂಕಕ್ಕೆ ತಕ್ಕಂತೆ ಚಿಕ್ಕದೊಂದು ಕೋಷ್ಟಕವಾಗಿ ಅಚ್ಚುಹಾಕಿದರೆ, ಅದನ್ನು ಕತ್ತರಿಸಿ ತುರ್ತು ಚೀಲದೊಳಗೆ ಇಟ್ಟುಕೊಳ್ಳಲು ಓದುಗರಿಗೆ ಅನುಕೂಲವಾಗುತ್ತದೆ.

ಇಂತಿ,
ತಮ್ಮ ಪತ್ರಿಕೆಯ ಓದುಗ